ನೋಬಲ್ ಕೇಳಿದ ಸದ್ದು

ಪುಟ್ಟಿ,

ಮೊನ್ನೆ ನೀನು ಫೋನ್ ಕಟ್ ಮಾಡಿದ ಮೇಲೆ ನಿಮ್ಮಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ‘ಫೇಲಾದ ಕಾಂಕ್ರೀಟಿನ ಟೆಸ್ಟ್ ರಿಪೋರ್ಟಿಗೆ ಒಂದು ಸೈನ್ ತಾನೇ, ಹಾಕಿಬಿಡು’ ಅಂದೆನಲ್ಲ, ಅದಕ್ಕೆ. ‘ಥಾಮಸ್ ಬೌಚ್ ಯಾರು ಅಂತ ಓದಪ್ಪಾ’ ಅಂದೆ ನೀನು. ಓದಿದೆ.

ಸಣ್ಣ ಇಂಜಿನಿಯರ್ ಏನಲ್ಲ ಆತ. 1850ರಲ್ಲೇ ರೈಲು ವ್ಯಾಗನ್ನುಗಳನ್ನು ಹಡಗಿಗೆ ಹತ್ತಿಸಿ ಸ್ಕಾಟ್ಲೆಂಡಿನ ಫೋರ್ತ್ ಕೊಲ್ಲಿ ದಾಟಿಸಿದವನು. ಆಮೇಲೆ ಡಂಡೀ ಹತ್ತಿರ ಟೇ ನದಿಗೆ ಸುಮಾರು 2 ಮೈಲಿ ಸೇತುವೆ. 1878ರ ಜೂನಿನಲ್ಲಿ ರೈಲು ಓಡಿತು, ಮರುವರ್ಷ ರಾಣಿ ವಿಕ್ಟೋರಿಯಾ ಸರ್ ಪದವಿ ಕೊಟ್ಟಳು. ಅದೇ ವರ್ಷ ಡಿಸೆಂಬರ್ 28ರ ಬಿರುಗಾಳಿಗೆ ನಡುವಿನ 13 ಗರ್ಡರುಗಳು, ಅಂದರೆ ಕಬ್ಬಿಣದ ತೊಲೆಗಳು, ರೈಲಿನ ಸಮೇತ ನೀರಿಗೆ ಬಿದ್ದವು. ಒಬ್ಬರೂ ಉಳಿಯಲಿಲ್ಲ. ಗಾಳಿಯ ಒತ್ತಡವನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲವಂತೆ. ತನಿಖೆಯವರು ಹೆಚ್ಚಿನ ತಪ್ಪನ್ನು ಅವನ ಮೇಲೆ ಹಾಕಿದರು. ವರ್ಷ ತುಂಬುವ ಮೊದಲೇ, 58ನೇ ವಯಸ್ಸಿಗೆ, ಹೋಗಿಬಿಟ್ಟ.

ಆದರೆ ನನ್ನ ನಿದ್ದೆ ಕೆಡಿಸಿದವನು ಹೆನ್ರಿ ನೋಬಲ್. ಸೇತುವೆ ನೋಡಿಕೊಳ್ಳಲು ಬೌಚ್ ಇಟ್ಟಿದ್ದ ಇನ್‌ಸ್ಪೆಕ್ಟರ್. ಮೂಲತಃ ಗಾರೆ ಕೆಲಸದವನು, ಕಬ್ಬಿಣದ ಕೆಲಸ ಗೊತ್ತಿಲ್ಲ. 1878ರ ಅಕ್ಟೋಬರಿನಲ್ಲೇ ಕಂಬಗಳನ್ನು ಬಿಗಿದ ಪಟ್ಟಿಗಳು ಗಡಗಡ ಅನ್ನುವುದು ಅವನಿಗೆ ಕೇಳಿಸಿತ್ತು. ಸಂದಿಗೆ ಕಬ್ಬಿಣದ ಚೂರು ತುರುಕಿದ. ಸದ್ದು ನಿಂತಿತು. ಬೌಚ್‌ಗೆ ಹೇಳಲಿಲ್ಲ.

ಎರಕದ ಕಂಬಗಳಲ್ಲಿದ್ದ ತೂತುಗಳಿಗೂ ಜೇನುಮೇಣ, ಕಬ್ಬಿಣದ ಪುಡಿ ಕಲಸಿ ಮೆತ್ತಿದ್ದರಂತೆ. ಅದನ್ನು ಓದಿ ಎದ್ದು ಹೊರಗೆ ಕೂತೆ. ನಿನಗೆ ಇದು ಹೇಳಿಲ್ಲ. ನೀನು ಐದನೇ ಕ್ಲಾಸು. ಒಂದು ಮೋರಿ ಕೆಲಸ. ಶಟರಿಂಗ್, ಅಂದರೆ ಕಾಂಕ್ರೀಟು ಸುರಿಯುವ ಅಚ್ಚು, ಬಿಚ್ಚಿದಾಗ ಕಾಂಕ್ರೀಟು ಜೇನುಗೂಡಿನ ಹಾಗಿತ್ತು, ಕಂಬಿ ಕಾಣುತ್ತಿತ್ತು. ಸಿಮೆಂಟ್ ಹಾಲು ಬಳಿದುಬಿಡು ಅಂದರು ಮೇಲಿನವರು. ಬಳಿಸಿದೆ. ನಾನೇ ನಿಂತು ಬಳಿಸಿದೆ. ಸಂಜೆಗೆ ನೋಡಿದರೆ ಎಷ್ಟು ನುಣುಪಾಗಿತ್ತು ಗೊತ್ತಾ, ಕೈ ಸವರಿ ನೋಡಿದೆ. ಇವತ್ತಿನವರೆಗೂ ಏನೂ ಆಗಿಲ್ಲ. ಆದರೂ ಬಸ್ಸು ಆ ಮೋರಿ ಮೇಲೆ ಹೋಗುವಾಗ ಉಸಿರು ಬಿಗಿಹಿಡಿಯುತ್ತೇನೆ, ಪಕ್ಕದಲ್ಲಿ ಕೂತ ಅಮ್ಮನಿಗೂ ಗೊತ್ತಿಲ್ಲ.

ಅಂಥವನು ನಿನಗೆ ಅಡ್ಜಸ್ಟ್ ಮಾಡ್ಕೋ ಅಂದೆ. ತಪ್ಪಾಯ್ತು.

ಸೈನ್ ಹಾಕಬೇಡ. ಬಾಯಲ್ಲಿ ಹೇಳಿ ಸುಮ್ಮನಾಗಬೇಡ, ಬರೆದು ಕೊಡು, ಕಾಪಿ ಇಟ್ಟುಕೋ, ಟೆಸ್ಟಿಗೆ ಎರೆದ ಕಾಂಕ್ರೀಟ್ ಕ್ಯೂಬ್ ಒಡೆದದ್ದರ ಫೋಟೋ ತೆಗೆದಿಡು, ಕೂಗಾಡಬೇಡ, ಒಬ್ಬಳೇ ಸೈಟಿಗೆ ಹೋಗಬೇಡ, ಊಟ ಬಿಡಬೇಡ. ನೋಡು, ಮತ್ತೆ ಭಾಷಣ ಶುರುವಾಯಿತು. ಕೆಲಸ ಹೋದೀತು ಅನ್ನುವ ಭಯ ನನಗೆ ಈಗಲೂ ಇದೆ, ಸುಳ್ಳು ಹೇಳಲ್ಲ. ಲೋನ್ ಕಂತು ಎರಡು ತಿಂಗಳು ನಾನು ನೋಡ್ಕೋತೀನಿ.

ಅಮ್ಮ ಚಟ್ನಿಪುಡಿ ಕೊರಿಯರ್ ಮಾಡಿದ್ದಾಳೆ. ಭಾನುವಾರ ಫೋನ್ ಮಾಡು. ನಾನು ಎತ್ತಿದರೆ ಕಟ್ ಮಾಡಬೇಡ.

ನಿನ್ನ ಅಪ್ಪ