ಬಣವೆಯ ಬೆಂಕಿ ಮತ್ತು ಫಿಲಡೆಲ್ಫಿಯಾದ ಬಕೆಟ್ಟು

ಫಿಲಡೆಲ್ಫಿಯಾ
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಪುಟ್ಟಿ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಫೋನ್ ಇರುವಾಗ ಕಾಗದ ಯಾಕೆ ಎಂದು ಅಮ್ಮ ಕೇಳುತ್ತಾಳೆ. ಫೋನಿನಲ್ಲಿ ನೀವು "ಹೂಂ, ಊಟ ಆಯ್ತಾ" ಎಂದು ಕೇಳಿ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಕಾಗದವನ್ನಾದರೆ ಜಗಲಿಯ ಮೇಲೆ ಕೂತು ಎರಡು ಸಲ ಓದುತ್ತೀರಿ. ಅದಕ್ಕೇ.

ನಮ್ಮ ಹುಲ್ಲಿನ ಬಣವೆಗೆ ಬೆಂಕಿ ಬಿದ್ದ ಸುದ್ದಿ ಕೇಳಿದಾಗಿನಿಂದ ಅದೇ ತಲೆಯಲ್ಲಿದೆ. ಫೈರ್ ಎಂಜಿನ್ ಬರುವ ಹೊತ್ತಿಗೆ ಬೂದಿಯೂ ತಣ್ಣಗಾಗಿತ್ತು ಎಂದಿರಿ. ಎರಡೂ ಕೇರಿಯವರು ಸಾಲಾಗಿ ನಿಂತು ಕೊಡ, ಬಿಂದಿಗೆ, ಬಕೆಟ್ಟು ಕೈಯಿಂದ ಕೈಗೆ ಸಾಗಿಸದಿದ್ದರೆ ಕೊಟ್ಟಿಗೆಯೂ ಹೋಗುತ್ತಿತ್ತು. ಹಬ್ಬದಲ್ಲಿ ಯಾವ ಕೇರಿಯ ಬಂಡಿ ಮುಂದೆ ಹೋಗಬೇಕು ಎಂದು ಪ್ರತಿ ವರ್ಷ ಕಿತ್ತಾಡುವ ಜನ ಇವರೇ, ಅಲ್ವಾ?

ಇವತ್ತು ಮಕ್ಕಳನ್ನು ಕರೆದುಕೊಂಡು ಇಲ್ಲಿನ ಎರಡನೇ ಬೀದಿಯ ಹಳೆಯ ಫೈರ್ ಸ್ಟೇಷನ್‌ಗೆ ಹೋಗಿದ್ದೆ. ಈಗ ಅದನ್ನು ಮ್ಯೂಸಿಯಂ ಮಾಡಿದ್ದಾರೆ. ಹಳೆಯ ಕಾಲದ ಬೆಂಕಿ ಆರಿಸುವ ಕಂಪನಿಗಳ ಕತೆ ಕೇಳುತ್ತ ಕೇಳುತ್ತ ನಮ್ಮ ಎರಡು ಕೇರಿಗಳೇ ಕಣ್ಣ ಮುಂದೆ ಬಂದವು. ಕಂಪನಿ ಎಂದರೆ ವ್ಯಾಪಾರದ್ದಲ್ಲ ಅಪ್ಪ. ಊರಿನ ಗಂಡಸರು ತಾವೇ ಸೇರಿ ಕಟ್ಟಿಕೊಂಡ ಸಂಘ. ಒಂದು ಕಾಸು ಸಂಬಳವಿಲ್ಲ.

ಮೊದಲನೆಯದನ್ನು ಕಟ್ಟಿದವರಲ್ಲಿ ಮುಂದಾಳು ಬೆಂಜಮಿನ್ ಫ್ರಾಂಕ್ಲಿನ್. ಗಾಳಿಪಟ ಹಾರಿಸಿ ಮಿಂಚಿನ ಗುಟ್ಟು ಹುಡುಕಿದವನು ಎಂದು ನೀವು ನಮಗೆ ಪಾಠ ಹೇಳಿಕೊಡುತ್ತಿದ್ದಿರಲ್ಲ, ಅವನೇ. 1736ರ ಡಿಸೆಂಬರಿನಲ್ಲಿ ಯೂನಿಯನ್ ಫೈರ್ ಕಂಪನಿ ಶುರುವಾಯಿತು. ಸೇರಿದವರೆಲ್ಲ ಮನೆಯಲ್ಲಿ ಚರ್ಮದ ಬಕೆಟ್ಟುಗಳನ್ನೂ ದೊಡ್ಡ ಬಟ್ಟೆಯ ಚೀಲಗಳನ್ನೂ ತಮ್ಮ ಖರ್ಚಿನಲ್ಲೇ ಇಟ್ಟುಕೊಂಡಿರಬೇಕು. ಬಕೆಟ್ಟು ನೀರಿಗೆ, ಚೀಲ ಉರಿಯುವ ಮನೆಯಿಂದ ಸಾಮಾನು ಹೊರಗೆ ತರುವುದಕ್ಕೆ. ತಿಂಗಳಿಗೊಂದು ಸಭೆ. ಬಾರದವನಿಗೆ ದಂಡ. ಆ ದಂಡದ ಹಣದಲ್ಲೇ ಏಣಿ, ಕೊಕ್ಕೆ, ಎಂಜಿನ್ನು ಕೊಂಡರು.

ಅವರ ಸಂಖ್ಯೆ ಬೇಗನೆ 30 ಆಯಿತು. ಇನ್ನೂ ಬಂದವರಿಗೆ ನೀವೇ ಇನ್ನೊಂದು ಕಂಪನಿ ಕಟ್ಟಿಕೊಳ್ಳಿ ಎಂದರು. ಕಟ್ಟಿಕೊಂಡರು. ಆಮೇಲೆ ಮತ್ತೊಂದು, ಮಗದೊಂದು. ಹೆಸರುಗಳನ್ನು ಕೇಳಿ ಅಪ್ಪ: ಫೆಲೋಶಿಪ್, ಹಾರ್ಮನಿ, ಗುಡ್ ವಿಲ್, ಹ್ಯಾಂಡ್ ಇನ್ ಹ್ಯಾಂಡ್. ಗೆಳೆತನ, ಹೊಂದಾಣಿಕೆ, ಸದ್ಭಾವನೆ, ಕೈಯಲ್ಲಿ ಕೈ! ಮುಂದೆ ನೂರು ವರ್ಷಕ್ಕೆ ಈ ಊರಿನ ಕಂಪನಿಗಳು ಬೀದಿಯಲ್ಲಿ ಇಟ್ಟಿಗೆ ಹಿಡಿದು ಹೊಡೆದಾಡಿದವು.

ಎಲ್ಲದಕ್ಕೂ ಮೂಲ ನೀರೇ. 1801ರಲ್ಲಿ ಫಿಲಡೆಲ್ಫಿಯಾಕ್ಕೆ ಕೊಳಾಯಿ ನೀರು ಬಂತು. ಕಬ್ಬಿಣದ ಪೈಪಲ್ಲ, ಮರದ ದಿಮ್ಮಿಯ ನಡುವೆ ತೂತು ಕೊರೆದು ಮಾಡಿದ ಪೈಪು. ಬೀದಿಯ ನಲ್ಲಿಗೆ ಚರ್ಮದ ಹೋಸ್ ಸಿಕ್ಕಿಸಿ ನೀರು ಹಾಯಿಸುವ ಕಂಪನಿಗಳು ಹುಟ್ಟಿದವು. ಹೊಲಿದ ಚರ್ಮದ ಹೋಸ್ ನೀರಿನ ರಭಸಕ್ಕೆ ಬಿರಿಯುತ್ತಿತ್ತು. ಇಲ್ಲಿನವರೇ ಅದಕ್ಕೆ ತಾಮ್ರದ ರಿವೆಟ್ ಹೊಡೆದು ಗಟ್ಟಿ ಮಾಡಿದರು. ಈಗ ಎಂಜಿನ್ ಕಂಪನಿ ಬೇರೆ, ಹೋಸ್ ಕಂಪನಿ ಬೇರೆ, ಇಬ್ಬರಿಗೂ ಬೇಕಾದ ನಲ್ಲಿ ಒಂದೇ. ನಲ್ಲಿಯ ಮುಂದೆ ಕೊಡ ಇಟ್ಟು ಜಗಳ ಆಡಿದವರಿಗೆ ಮುಂದಿನ ಕತೆ ಬಿಡಿಸಿ ಹೇಳಬೇಕಾ?

ನ್ಯೂಯಾರ್ಕಿನಲ್ಲಿ ಇನ್ನೂ ತಮಾಷೆ. ಬೆಂಕಿಯ ಗಂಟೆ ಹೊಡೆದ ಕೂಡಲೇ ಒಬ್ಬ ಗಟ್ಟಿ ಆಳು ಮುಂದೆ ಓಡಿ ನಲ್ಲಿಯ ಮೇಲೆ ಪೀಪಾಯಿ ಬೋರಲು ಹಾಕಿ ಕೂತುಬಿಡುತ್ತಿದ್ದ. ತನ್ನ ಕಂಪನಿ ಬರುವವರೆಗೆ ಏಳುವುದಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಹಾಗೆ! ಬೇರೆಯವರು ಬಂದು ಎಬ್ಬಿಸಲು ನೋಡಿದರೆ ಹೊಡೆದಾಟ. ಮನೆ ಮಾತ್ರ ಧಗಧಗ ಉರಿಯುತ್ತಿರುತ್ತಿತ್ತು.

ನನಗೆ ಜಾಸ್ತಿ ಹಿಡಿಸಿದ್ದು 'ತೊಳೆಯುವ' ಆಟ. ನೀರು ದೂರವಿದ್ದರೆ ಎಂಜಿನ್‌ಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಮೊದಲನೆಯದು ಎರಡನೆಯದರ ತೊಟ್ಟಿಗೆ ನೀರು ತುಂಬುತ್ತದೆ, ಎರಡನೆಯದು ಮೂರನೆಯದಕ್ಕೆ. ಎಲ್ಲ ಕೈಯಿಂದಲೇ ಪಂಪ್ ಮಾಡುವ ಎಂಜಿನ್‌ಗಳು. ಎರಡು ಕಡೆ ಉದ್ದನೆಯ ಹಿಡಿ, ಆಚೆಯವರು ಒತ್ತಿದರೆ ಈಚೆಯವರು ಏಳುತ್ತಾರೆ. ಕೆಲವೇ ನಿಮಿಷಕ್ಕೆ ತೋಳು ಬಿದ್ದುಹೋಗುತ್ತದೆ, ಇನ್ನೊಂದು ತಂಡ ಕೈ ಹಾಕಬೇಕು. ಹಿಂದಿನವರು ಕಳಿಸುವ ನೀರನ್ನು ಮುಂದಿನವರು ಅಷ್ಟೇ ಬೇಗ ದಾಟಿಸದಿದ್ದರೆ ತೊಟ್ಟಿ ತುಂಬಿ ಬೀದಿಗೆ ಚೆಲ್ಲುತ್ತದೆ. ಎಂಜಿನ್ 'ತೊಳೆಸಿಕೊಂಡಿತು' ಎಂದು ಊರೆಲ್ಲ ನಗುತ್ತಿತ್ತು. ಬಣ್ಣ ಹೊಡೆದು, ಚಿತ್ರ ಬರೆಸಿ, ಹಿತ್ತಾಳೆ ಉಜ್ಜಿ ಮಗುವಿನ ಹಾಗೆ ನೋಡಿಕೊಂಡ ಎಂಜಿನ್ನು! ಅದಕ್ಕಿಂತ ದೊಡ್ಡ ಅವಮಾನ ಅವರಿಗೆ ಇರಲಿಲ್ಲ. ಯೋಚಿಸಿದರೆ, ಆ ಹಟವೇ ಬೆಂಕಿಗೂ ನೀರು ಬೇಗ ತಲುಪಿಸುತ್ತಿತ್ತು. ಸಂಬಳವಿಲ್ಲದ ಕೆಲಸಕ್ಕೆ ಅರ್ಧ ರಾತ್ರಿಯಲ್ಲಿ ಎದ್ದು ಓಡುವವನಿಗೆ ಮಾನವೇ ಕೂಲಿ.

ಮೆರವಣಿಗೆಯ ಟೋಪಿಗಳು ಗಾಜಿನ ಪೆಟ್ಟಿಗೆಯಲ್ಲಿವೆ. ಎತ್ತರದ ಟೋಪಿ, ಅದರ ಮೇಲೆ ಕಂಪನಿಯ ಹೆಸರು, ದೊಡ್ಡವರ ಚಿತ್ರ. ಅಪ್ಪಣೆ ಕೂಗುವ ತುತ್ತೂರಿಗಳೂ ಇವೆ. ಮಗ ಕೇಳಿದ, "ಇದರಿಂದ ಹೊಡೀತಿದ್ರಾ ಅಮ್ಮ?" ಹೌದು, ಜಗಳಕ್ಕೆ ನಿಂತರೆ ಅದೂ ಆಯುಧವೇ.

ಮನೆಗಳ ಗೋಡೆಗೆ ಹೊಡೆದ ವಿಮೆಯ ಬಿಲ್ಲೆಗಳೂ ಇವೆ. ಒಂದರಲ್ಲಿ ಒಬ್ಬರ ಮಣಿಕಟ್ಟು ಒಬ್ಬರು ಹಿಡಿದ ನಾಲ್ಕು ಕೈ. 1752ರಲ್ಲಿ ಫ್ರಾಂಕ್ಲಿನ್ ಮತ್ತು ಗೆಳೆಯರು ಶುರು ಮಾಡಿದ ವಿಮಾ ಸಂಘದ ಗುರುತು ಅದು. ಮನೆ ಮುಂದೆ ಮರ ಇದ್ದರೆ ಬೆಂಕಿಗೆ ದಾರಿ ಎಂದು ಆ ಸಂಘ ಆಮೇಲೆ ಅಂಥ ಮನೆಗಳಿಗೆ ವಿಮೆ ನಿಲ್ಲಿಸಿತು. ಮರ ಬಿಡಲೊಪ್ಪದವರು 1784ರಲ್ಲಿ ಬೇರೆ ಸಂಘವನ್ನೇ ಮಾಡಿಕೊಂಡರು. ಅವರ ಬಿಲ್ಲೆಯಲ್ಲಿ ಹಸಿರು ಮರ! ನಮ್ಮ ಹೊಂಗೆ ಮರಕ್ಕಾಗಿ ನೀವು ಪಂಚಾಯ್ತಿಯವರ ಜೊತೆ ಜಗಳ ಆಡಿದ್ದು ನೆನಪಾಯಿತು.

ನಗು ಬಾರದ ಕತೆಗಳೂ ಇವೆ. 1818ರಲ್ಲಿ ಇಲ್ಲಿನ ಕರಿಯ ಜನ ತಮ್ಮದೂ ಒಂದು ಕಂಪನಿ ಇರಲಿ ಎಂದು ಆಫ್ರಿಕನ್ ಫೈರ್ ಅಸೋಸಿಯೇಷನ್ ಕಟ್ಟಲು ಹೊರಟರು. ಬಿಳಿಯರ ಕಂಪನಿಗಳೆಲ್ಲ ಒಟ್ಟಾಗಿ ವಿರೋಧಿಸಿ ಅದನ್ನು ನಿಲ್ಲಿಸಿದವು. ಒಬ್ಬರನ್ನೊಬ್ಬರು ಕಂಡರಾಗದವರು ಇದಕ್ಕೆ ಮಾತ್ರ ಒಂದಾದರು. ನಮ್ಮೂರಿನ ಹಳೆಯ ಬಾವಿಯ ಕತೆ ಅಜ್ಜಿ ಹೇಳುತ್ತಿದ್ದಳಲ್ಲ ಅಪ್ಪ, ಯಾರು ಸೇದಬಹುದು, ಯಾರು ದೂರ ನಿಲ್ಲಬೇಕು ಎಂದು. ಅಲ್ಲೇ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ.

ಆಮೇಲಾಮೇಲೆ ಕಂಪನಿಗಳು ರೌಡಿಗಳ ಕೈಗೆ ಹೋದವು. ಊರಿನ ದಕ್ಷಿಣಕ್ಕೆ ಐರಿಷ್ ಕ್ಯಾಥೊಲಿಕರ ಮೊಯಮೆನ್ಸಿಂಗ್ ಹೋಸ್ ಕಂಪನಿ, ಅದರ ಬೆನ್ನಿಗೆ 'ಕಿಲ್ಲರ್ಸ್' ಎಂಬ ಗುಂಪು. ಅವರಿಗೆ ಎದುರಾಳಿ ಷಿಫ್ಲರ್ ಕಂಪನಿ, ವಲಸೆ ಬಂದವರನ್ನು ಕಂಡರಾಗದವರದ್ದು. ಸುಳ್ಳು ಬೆಂಕಿಯ ಕೂಗು ಎಬ್ಬಿಸುವುದು, ಎದುರಾಳಿಗಳನ್ನು ಕರೆಸಿ ಹೊಡೆಯಲೆಂದೇ ಬೆಂಕಿ ಹಚ್ಚುವುದು, ಹೋಸ್ ಕತ್ತರಿಸುವುದು, ಎಲ್ಲ ನಡೆಯಿತು. 1849ರ ಅಕ್ಟೋಬರಿನಲ್ಲಿ ಈ ಕಿಲ್ಲರ್ಸ್ ಗುಂಪಿನವರು ಕ್ಯಾಲಿಫೋರ್ನಿಯಾ ಹೌಸ್ ಎಂಬ ಹೆಂಡದಂಗಡಿಗೆ ನುಗ್ಗಿದರು. ಅದರ ಯಜಮಾನ ಕರಿಯ ಜನದವನು, ಬಿಳಿ ಹೆಂಗಸನ್ನು ಮದುವೆಯಾಗಿದ್ದ, ಅದೇ ಸಿಟ್ಟು. ಅಂಗಡಿಗೆ ಬೆಂಕಿ ಇಟ್ಟರು. ಆರಿಸಲು ಬಂದ ಕಂಪನಿಯವರ ಮೇಲೂ ಬಿದ್ದರು. ಜೀವಗಳು ಹೋದವು.

ಕೊನೆಗೆ ದಾರಿ ತೋರಿಸಿದ್ದು ಸಿನ್ಸಿನಾಟಿ. ಅಲ್ಲೂ ಕಂಪನಿಗಳು ಹೊಡೆದಾಡುತ್ತಿದ್ದಾಗ ಒಂದು ಮರದ ಮಿಲ್ಲು ಸುಟ್ಟುಹೋಗಿತ್ತು. ಆ ಊರಿನವರು ಹಬೆಯ ಎಂಜಿನ್ ಮಾಡಿಸಿ, 1853ರ ಏಪ್ರಿಲ್ 1ರಿಂದ ಸಂಬಳದ ಆಳುಗಳನ್ನು ಇಟ್ಟರು. ಮೊದಲ ಮುಖ್ಯಸ್ಥ ಮೈಲ್ಸ್ ಗ್ರೀನ್‌ವುಡ್. ಹಬೆಯ ಎಂಜಿನ್ ಕುಡಿಯುವುದಿಲ್ಲ, ಇಟ್ಟಿಗೆ ಎಸೆಯುವುದಿಲ್ಲ ಎಂದು ಅವನು ಹೊಗಳಿದನಂತೆ. ಫಿಲಡೆಲ್ಫಿಯಾದವರು 1871ರವರೆಗೆ ಹಟ ಬಿಡಲಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಹನ್ನೊಂದು ಗಂಟೆ ಆಯಿತು. ಮಗಳು ಚರ್ಮದ ಬಕೆಟ್ಟಿನ ಚಿತ್ರ ಬರೆದಿದ್ದಾಳೆ, ಇದರ ಜೊತೆ ಇಟ್ಟಿದ್ದೇನೆ. ಸಕ್ಕರೆ ಮಾತ್ರೆ ತಪ್ಪಿಸಬೇಡಿ. ಹುಲ್ಲು ಕೊಳ್ಳಲು ಹಣ ಬೇಕಾದರೆ ಸಂಕೋಚ ಬೇಡ, ತಮ್ಮನಿಗೆ ಹೇಳಿ.

ಒಂದು ವಿಷಯ ಮರೆತಿದ್ದೆ. ಬಣವೆಗೆ ಮೊದಲ ಬಿಂದಿಗೆ ನೀರು ತಂದದ್ದು ನಮ್ಮ ಮೇಲಿನ ಕೇರಿಯವರು ಎಂದು ನೀವು ಹೇಳಿದಿರಿ. ಅಮ್ಮನ ತವರು ಕೆಳಗಿನ ಕೇರಿ, ಅವಳು ಕೆಳಗಿನವರೇ ಮೊದಲು ಬಂದದ್ದು ಎನ್ನುತ್ತಾಳೆ. ಇಬ್ಬರೂ ಕೂತು ಒಂದು ತೀರ್ಮಾನಕ್ಕೆ ಬಂದು ಬರೆಯಿರಿ.

ಇತಿ ನಿಮ್ಮ ಪ್ರೀತಿಯ ಮಗಳು,
ಪುಟ್ಟಿ