ಮಳೆ ಪುಸ್ತಕ ಪರದೆ ತುಂಬಿದ ದಿನ

ಮೊನ್ನೆ ಭಾನುವಾರ ಅಪ್ಪ ಕಂಪ್ಯೂಟರ್ ಮುಂದೆ ಕೂತು 1983ರ ಮಳೆ ಲೆಕ್ಕವನ್ನು ತಾವೇ ಓದಿದರು. ಯಾರೂ ಪಕ್ಕದಲ್ಲಿ ನಿಂತು ಹೇಳಿಕೊಡಬೇಕಾಗಲಿಲ್ಲ. ಅಲ್ಲಿಗೆ ಮುಟ್ಟಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳು ನನ್ನ ಜೊತೆಗಿದ್ದವರಿಗೆ ಎಲ್ಲರೆದುರು ಧನ್ಯವಾದ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟ. ದಿನಾ ಬೆಳಿಗ್ಗೆ ಕಣದ ಪಕ್ಕದ ಮಾಪಕ ನೋಡಿ, ಇಂಚು-ಸೆಂಟ್ ಲೆಕ್ಕದಲ್ಲಿ ಮಳೆ ಬರೆದಿಡುವುದು ಅಪ್ಪನ ರೂಢಿ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಿತ್ತು, ಅದಾದ ಮೇಲೆ ಬೇಕಾಗುವ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು, ಎಲ್ಲವೂ ಆ ಪುಸ್ತಕಗಳಲ್ಲಿದೆ. 41 ವರ್ಷದ ಲೆಕ್ಕ. ಈಗ ಅವರ ಕಣ್ಣು ಮಂಜಾಗಿದೆ, ಪೆನ್ಸಿಲ್ ಅಂಕಿ ಕಾಣುವುದಿಲ್ಲ. ಪರದೆ ತುಂಬ ದೊಡ್ಡದಾಗಿ ಗ್ರಾಫ್ ತೋರಿಸುವ ಪ್ರೋಗ್ರಾಮ್ ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡೆ.

ಪ್ರೋಗ್ರಾಮ್ ಬರೆಯಲು ಪೈಥಾನ್ ಭಾಷೆ, ವಿಂಡೋ ಕಟ್ಟಲು ಟಿಕಿಂಟರ್, ಗ್ರಾಫ್ ಬಿಡಿಸಲು ಮ್ಯಾಟ್‌ಪ್ಲಾಟ್‌ಲಿಬ್. ಗ್ರಾಫ್ ಮೊದಲ ವಾರದಲ್ಲೇ ಬಂತು. ಆದರೆ ವಿಂಡೋ ಎಷ್ಟು ದೊಡ್ಡದು ಮಾಡಿದರೂ ಗ್ರಾಫ್ ಅಂಗೈಯಗಲಕ್ಕೇ ನಿಲ್ಲುತ್ತಿತ್ತು, ಕೆಳಗಿನ ತಿಂಗಳುಗಳು ಅರ್ಧಕ್ಕೆ ಕತ್ತರಿಸಿಹೋಗುತ್ತಿದ್ದವು. ಝೂಮ್ ಮಾಡುವ ಟೂಲ್‌ಬಾರ್ ಸೇರಿಸಿದರಂತೂ ಪ್ರೋಗ್ರಾಮ್ ತೆರೆಯುತ್ತಲೇ ಇರಲಿಲ್ಲ. ಗ್ರಿಡ್ ಇರುವಲ್ಲಿ ಪ್ಯಾಕ್ ಬಳಸುವಂತಿಲ್ಲ ಎಂಬ ದೂರು. ಎರಡೂ ವಿಂಡೋದೊಳಗೆ ಭಾಗಗಳನ್ನು ಜೋಡಿಸುವ ಬೇರೆ ಬೇರೆ ವಿಧಾನಗಳು. ನಾನು ಎಲ್ಲೂ ಪ್ಯಾಕ್ ಅಂತ ಬರೆದೇ ಇರಲಿಲ್ಲ! ತೋಚಿದ ಅಂಕಿಯೆಲ್ಲ ಬದಲಾಯಿಸಿ ನೋಡಿದೆ. ಆಷಾಢದ ಹೊತ್ತಿಗೆ ಕೈಚೆಲ್ಲಿದ್ದೆ.

ಆಗ ದಾರಿ ತೋರಿಸಿದವರು ಹಾಸನದ ಎಂಜಿನಿಯರಿಂಗ್ ಕಾಲೇಜೊಂದರ ಉಪನ್ಯಾಸಕಿ, ನನ್ನ ಅಕ್ಕನ ಗೆಳತಿ. ರಾತ್ರಿ ಫೋನಿನಲ್ಲಿ ಕೋಡ್ ಕೇಳಲೇ ಇಲ್ಲ. "ಒಂದೊಂದು ಫ್ರೇಮಿಗೂ ಒಂದೊಂದು ಬಣ್ಣ ಕೊಡು, ಆಮೇಲೆ ವಿಂಡೋ ಎಳಿ, ಯಾವುದು ಬೆಳೆಯುತ್ತೆ ಹೇಳು" ಅಂದರು. ಫ್ರೇಮ್ ಅಂದರೆ ವಿಂಡೋದೊಳಗಿನ ಒಂದು ಚೌಕಟ್ಟು. ಹೊರಗಿನದಕ್ಕೆ ಕೆಂಪು, ಒಳಗಿನ ಫ್ರೇಮಿಗೆ ಹಳದಿ ಕೊಟ್ಟು ಎಳೆದೆ. ಕೆಂಪು ಪರದೆಯುದ್ದಕ್ಕೂ ಹರಡಿತು, ಹಳದಿ ಅಲುಗಲಿಲ್ಲ. ಗ್ರಿಡ್‌ನಲ್ಲಿ ಅಡ್ಡಸಾಲು, ಕಂಬಸಾಲುಗಳಿಗೆ ನಾವು ವೆಯ್ಟ್ (ಮಿಕ್ಕ ಜಾಗದಲ್ಲಿ ಸಿಗುವ ಪಾಲು) ಕೊಡದಿದ್ದರೆ ಅದು ಸೊನ್ನೆ. ಮಿಕ್ಕ ಜಾಗ ಯಾರಿಗೂ ಹೋಗುವುದಿಲ್ಲ. ವೆಯ್ಟ್ 1 ಮಾಡಿ, ನಾಲ್ಕೂ ದಿಕ್ಕಿಗೆ ಅಂಟಿಕೊಳ್ಳುವಂತೆ ಸ್ಟಿಕಿ ಕೊಟ್ಟೆ. ಹಳದಿ ಹರಡಿತು, ಅದರೊಳಗಿನ ಬಿಳಿ ಗ್ರಾಫ್ ಮಾತ್ರ ಹಾಗೇ ಮೂಲೆಯಲ್ಲಿತ್ತು. "ಒಳಗಿನ ಫ್ರೇಮಿಗೂ ಅದನ್ನೇ ಮಾಡು" ಅಂದರು. ಮಾಡಿದೆ. ಗ್ರಾಫ್ ಪರದೆ ತುಂಬಿತು. ಆ ರಾತ್ರಿ ಹನ್ನೊಂದೂವರೆಗೆ ಮನೆಯವರನ್ನೆಲ್ಲ ಎಬ್ಬಿಸಿದ್ದೇನೆ.

ಟೂಲ್‌ಬಾರ್ ಕಥೆಯನ್ನೂ ಅವರೇ ಬಿಡಿಸಿದರು. ಅದು ಹುಟ್ಟುವಾಗಲೇ ತನ್ನನ್ನು ತಾನು ಪ್ಯಾಕ್ ಮಾಡಿಕೊಳ್ಳುತ್ತದೆ. ಅದಕ್ಕೆ ಬೇರೆ ಫ್ರೇಮ್ ಕೊಟ್ಟು, ಆ ಫ್ರೇಮನ್ನು ಗ್ರಿಡ್‌ನಲ್ಲಿ ಕೂರಿಸಿದರೆ ಜಗಳವಿಲ್ಲ, ಮ್ಯಾಟ್‌ಪ್ಲಾಟ್‌ಲಿಬ್‌ನ 3.3ನೇ ಆವೃತ್ತಿಯಿಂದ ಆಚೆಗೆ ಹಾಗೆ ಪ್ಯಾಕ್ ಆಗದಂತೆ ಮೊದಲೇ ಹೇಳಲೂಬಹುದು. ಕತ್ತರಿಸಿಹೋಗುತ್ತಿದ್ದ ತಿಂಗಳುಗಳಿಗೆ ಫಿಗರ್ ಮಾಡುವಾಗಲೇ ಕನ್‌ಸ್ಟ್ರೇನ್ಡ್ ಲೇಔಟ್ (ಹೆಸರು, ಅಂಕಿಗಳಿಗೆ ತಾನೇ ಜಾಗ ಬಿಡುವ ಜೋಡಣೆ) ಕೇಳಿದರೆ ಸಾಕಾಯಿತು. ಕನ್ನಡದ ತಿಂಗಳ ಹೆಸರಿನಲ್ಲಿ ಒತ್ತಕ್ಷರ ಚೆದುರಿ ಬೀಳುತ್ತಿದ್ದುದು ಮಾತ್ರ ಸರಿಯಾಗಲಿಲ್ಲ. ಸದ್ಯಕ್ಕೆ 1ರಿಂದ 12 ಅಂಕಿ ಹಾಕಿದ್ದೇನೆ.

ಅತ್ತಿಗೆಗೆ ಎಷ್ಟು ಹೇಳಿದರೂ ಕಡಿಮೆ. ಅಡುಗೆ ಮುಗಿಸಿ ದಿನಾ ಸಂಜೆ ಕೂತು ಅಷ್ಟೂ ವರ್ಷದ ಅಂಕಿ ಟೈಪ್ ಮಾಡಿದ್ದು ಅವರು. ಅಪ್ಪನ ಒಂದು ಮತ್ತು ಏಳು ಒಂದೇ ಥರ. ಅನುಮಾನ ಬಂದಾಗಲೆಲ್ಲ ತಿಂಗಳ ಮೊತ್ತ ಕೂಡಿ ನೋಡಿಯೇ ಮುಂದೆ ಹೋಗುತ್ತಿದ್ದರು. ಗೆದ್ದಲು ತಿಂದ ಪುಟಗಳಿಗೆ ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ತಮ್ಮ ಪುಸ್ತಕವನ್ನೇ ಕೊಟ್ಟರು.

ಇನ್ನೊಬ್ಬರಿದ್ದಾರೆ, ಅವರಿಗೆ ಹೇಳಲು ಈಗ ಸಾಧ್ಯವಿಲ್ಲ. ಜಾನ್ ಹಂಟರ್. ಅಪಸ್ಮಾರ ರೋಗಿಗಳ ಮಿದುಳಿನ ಸಂಕೇತಗಳನ್ನು ನೋಡಲು ಶುರುಮಾಡಿ, 2003ರಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ ಅನ್ನು ಎಲ್ಲರಿಗೂ ಬಿಟ್ಟುಕೊಟ್ಟವರು. 2012ರಲ್ಲಿ, 44ನೇ ವಯಸ್ಸಿಗೇ ತೀರಿಕೊಂಡರು. ಅವರ ಕೆಲಸ ಮಲೆನಾಡಿನ ಮಳೆಯನ್ನು ಅಪ್ಪನ ಕಣ್ಣಿಗೆ ಕಾಣಿಸಿತು.

ಮಳೆ ಪುಸ್ತಕ ಇಟ್ಟಿರುವ ಯಾರೇ ಕೇಳಿದರೂ ಈ ಪ್ರೋಗ್ರಾಮ್ ಕೊಡುತ್ತೇನೆ. ನಮ್ಮಲ್ಲಿ ಈಗ ಬೆಳಿಗ್ಗೆ ಅಣ್ಣ ಮಾಪಕ ನೋಡಿ ಕೂಗಿ ಹೇಳುತ್ತಾನೆ, ಅತ್ತಿಗೆ ಟೈಪ್ ಮಾಡುತ್ತಾರೆ, ಅಪ್ಪ ಗ್ರಾಫ್ ನೋಡುತ್ತಾರೆ. ಇವತ್ತಿನದು 64 ಸೆಂಟ್.