ಬಿಸಿ ಜಾಕೆಟ್ ಜೋಡಿಸುವ ಮುನ್ನ ಇದನ್ನು ಓದಿ

ಸ್ನೇಹಿತರೇ, ಬಿಸಿಯಾಗುವ ಜಾಕೆಟ್, ಗ್ಲೌಸ್‌ಗಳಿಗೆ ಸ್ಕೂಟರ್‌ನಿಂದಲೇ ಕರೆಂಟ್ ಕೊಡಬಹುದಾ ಅಂತ ಕೆಲವರು ಕೇಳಿದ್ದೀರಿ. ಕೊಡಬಹುದು. ಆದರೆ ಮೊದಲು ಲೆಕ್ಕ ಹಾಕಿ.

12 ವೋಲ್ಟ್‌ನಲ್ಲಿ 90 ವ್ಯಾಟ್‌ನ ಜಾಕೆಟ್ 7.5 ಆಂಪಿಯರ್ ಎಳೆಯುತ್ತದೆ. ಸಣ್ಣ ಸ್ಕೂಟರ್‌ಗೆ ಇದು ಭಾರೀ ಹೊರೆ. ಸಿಗ್ನಲ್‌ನಲ್ಲಿ ಇಂಜಿನ್ ನಿಧಾನವಾಗಿ ಓಡುವಾಗ ಚಾರ್ಜಿಂಗ್ ಇನ್ನೂ ಕಡಿಮೆ, ಆಗ ಬ್ಯಾಟರಿಯ ಚಾರ್ಜ್ ಖಾಲಿಯಾಗುತ್ತಾ ಹೋಗುತ್ತದೆ. ಚಳಿಯಲ್ಲಿ ಅದರ ಶಕ್ತಿ ಮೊದಲೇ ಕುಗ್ಗಿರುತ್ತದೆ, ಅಲ್ವಾ?

ಒಂದು ವೋಲ್ಟ್ ಮೀಟರ್ ಹಾಕಿಕೊಳ್ಳಿ. ಜಾಕೆಟ್ ಆನ್ ಇದ್ದು ಗಾಡಿ ಓಡುವಾಗ 13.5ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. 12.5ಕ್ಕೆ ಇಳಿದರೆ ಬಿಸಿ ಕಡಿಮೆ ಮಾಡಿ.

ಹೆಡ್‌ಲೈಟ್ ವೈರಿಗೆ ಸುಮ್ನೆ ಸಿಕ್ಕಿಸಬೇಡಿ, ದಯವಿಟ್ಟು. ವೈರ್ ಕಾದು ಸುಟ್ಟೀತು. ಬ್ಯಾಟರಿಯಿಂದಲೇ ಬೇರೆ ಲೈನ್ ಎಳೆಸಿ. ಬ್ಯಾಟರಿಯ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್ ಇರಲಿ, ಆ ಕರೆಂಟ್ ತಡೆಯುವಷ್ಟು ದಪ್ಪ ವೈರ್ ಇರಲಿ. ಕೀ ತೆಗೆದಾಗ ತಾನೇ ಆಫ್ ಆಗುವಂತೆ ರಿಲೇ (ಕರೆಂಟ್‌ನಿಂದಲೇ ನಡೆಯುವ ಸ್ವಿಚ್) ಹಾಕಿಸಿದರೆ ಇನ್ನೂ ಒಳ್ಳೆಯದು.

ಇಂಥ ಜಾಕೆಟ್‌ಗೆ ಫೋನ್ ಚಾರ್ಜ್ ಮಾಡುವ ಯುಎಸ್‌ಬಿ ಸಾಕಾಗುವುದಿಲ್ಲ. 5 ವೋಲ್ಟ್, 2 ಆಂಪಿಯರ್ ಅಂದರೆ ಬರೀ 10 ವ್ಯಾಟ್.

ನನ್ನ ಅಭಿಪ್ರಾಯ: ಸಣ್ಣ ಸ್ಕೂಟರ್‌ನವರು ಒಳಗೇ ಬ್ಯಾಟರಿ ಇರುವ ಗ್ಲೌಸ್ ಕೊಳ್ಳಿ. ಬ್ರೇಕ್ ಹಿಡಿಯುವ ಬೆರಳು ಮರಗಟ್ಟಬಾರದು.